ಜನಾಂಗಹತ್ಯೆಯ ಪಾಠದಲ್ಲಿ ಅನ್ವೇಷಣ ಪದ್ಧತಿ: ಒಂದು ವಿಮರ್ಶೆ

ಇತಿಹಾಸವನ್ನು ಕಲಿಸುವ ವಿಧಾನಗಳ ಪೈಕಿ ಅನ್ವೇಷಣ ಪದ್ಧತಿಯಷ್ಟು ಪ್ರಶಂಸೆಗೆ ಪಾತ್ರವಾದುದು ಈಚೆಗೆ ಮತ್ತೊಂದಿಲ್ಲ. ಅಧ್ಯಾಪಕನು ನಿರ್ಣಯಗಳನ್ನು ಹೇಳುವುದು, ವಿದ್ಯಾರ್ಥಿಗಳು ಬರೆದುಕೊಳ್ಳುವುದು ಎಂಬ ಹಳೆಯ ಕ್ರಮವನ್ನು ಬಿಟ್ಟು, ಒಂದು ಪ್ರಶ್ನೆಯನ್ನೂ ಅದಕ್ಕೆ ಸಂಬಂಧಿಸಿದ ಕೆಲವು ಮೂಲಪತ್ರಗಳನ್ನೂ ಅವರ ಮುಂದಿರಿಸಿ, ಉತ್ತರವನ್ನು ಅವರೇ ಸಾಧಿಸಿಕೊಳ್ಳುವಂತೆ ಮಾಡುವುದು ಇದರ ಸಾರ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ೧೯೧೦ರಲ್ಲಿ ಪ್ರಕಟಿಸಿದ ‘ಹೌ ವಿ ಥಿಂಕ್’ ಎಂಬ ಗ್ರಂಥದಲ್ಲಿ ಇದರ ಬೀಜವಿದೆ. ಜೆರೋಮ್ ಬ್ರೂನರ್ ೧೯೬೦ರ ‘ದಿ ಪ್ರೊಸೆಸ್ ಆಫ್ ಎಜುಕೇಷನ್’ನಲ್ಲಿ ಅದಕ್ಕೆ ಹೊಸ ಬಲವನ್ನು ಕೊಟ್ಟರು. ೨೦೧೩ರಲ್ಲಿ ಅಮೆರಿಕದ ಸಮಾಜವಿಜ್ಞಾನ ಬೋಧಕರ ರಾಷ್ಟ್ರೀಯ ಪರಿಷತ್ತು ಹೊರತಂದ ಪಠ್ಯಚೌಕಟ್ಟು ಪ್ರಶ್ನೆಯನ್ನೇ ಪಾಠದ ಕೇಂದ್ರದಲ್ಲಿರಿಸಿತು. ಇಷ್ಟೆಲ್ಲ ಸರಿಯೆ. ಆದರೆ ಪಾಠದ ವಿಷಯವು ಜನಾಂಗಹತ್ಯೆಯಾದಾಗ ಈ ಪದ್ಧತಿ ಹಾಗೆಯೇ ನಡೆಯುವುದೆ? ನಡೆಯಬಹುದು, ನಡೆಯಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಹೊಗಳುವವರು ಸಾಮಾನ್ಯವಾಗಿ ಕಲ್ಪಿಸಿಕೊಳ್ಳುವ ರೂಪದಲ್ಲಿ ಅಲ್ಲ. ಪ್ರಕೃತ ಲೇಖನವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಯೆಹೂದ್ಯರಿಗೆ ಒದಗಿದ ವಿನಾಶವನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುತ್ತದೆ.

ಮೊದಲು ಶಬ್ದದ ವಿಚಾರ. ಪೋಲೆಂಡಿನ ಯೆಹೂದಿ ನ್ಯಾಯಶಾಸ್ತ್ರಜ್ಞ ರಫಾಯೆಲ್ ಲೆಮ್ಕಿನ್, ಕುಲವೆಂಬ ಅರ್ಥದ ಗ್ರೀಕ್ ಮಾತಿಗೆ ಕೊಲೆಯೆಂಬ ಅರ್ಥದ ಲ್ಯಾಟಿನ್ ಪ್ರತ್ಯಯವನ್ನು ಸೇರಿಸಿ ‘ಜೆನೊಸೈಡ್’ ಎಂಬ ಪದವನ್ನು ೧೯೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಳಕೆಗೆ ತಂದನು. ೧೯೪೮ರ ಡಿಸೆಂಬರ್ ೯ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆ ಅದಕ್ಕೆ ಕಾನೂನಿನ ಅರ್ಥವನ್ನು ಕೊಟ್ಟಿತು. ಭಾರತವು ೧೯೫೯ರಲ್ಲಿ ಅದನ್ನು ಸ್ಥಿರೀಕರಿಸಿತು. ಒಂದು ರಾಷ್ಟ್ರೀಯ, ಬುಡಕಟ್ಟಿನ, ವರ್ಣದ ಅಥವಾ ಮತದ ಸಮುದಾಯವನ್ನು, ಅದು ಆ ಸಮುದಾಯವೆಂಬ ಕಾರಣಕ್ಕಾಗಿಯೇ, ಪೂರ್ಣವಾಗಿಯೋ ಭಾಗಶಃವಾಗಿಯೋ ನಾಶಮಾಡುವ ಉದ್ದೇಶ ಎಂಬುದು ಆ ಲಕ್ಷಣದ ತಿರುಳು. ಕನ್ನಡದಲ್ಲಿ ನಾವು ಜನಾಂಗಹತ್ಯೆ, ಹತ್ಯಾಕಾಂಡ, ನರಮೇಧ ಎಂಬ ಮೂರನ್ನೂ ಒಂದರ ಬದಲಿಗೆ ಒಂದೆಂಬಂತೆ ಬಳಸುತ್ತೇವೆ. ‘ಹತ್ಯಾಕಾಂಡ’ದಲ್ಲಿ ಉದ್ದೇಶದ ಸೂಚನೆಯಿಲ್ಲ. ‘ನರಮೇಧ’ವಂತೂ ಇನ್ನೂ ತೊಡಕಿನದು, ಮೇಧವೆಂದರೆ ಯಜ್ಞ, ಬಲಿಯು ಯಾವುದೋ ದೇವತೆಗೆ ಸಲ್ಲುವಂಥದು. ಯೂರೋಪಿನಲ್ಲಿ ರೂಢವಾಗಿರುವ ‘ಹೊಲೋಕಾಸ್ಟ್’ ಎಂಬ ಮಾತಿಗೂ ಪೂರ್ಣವಾಗಿ ದಹಿಸಿದ ಆಹುತಿ ಎಂದೇ ಮೂಲಾರ್ಥ. ಕೊಂದವರ ಕಾರ್ಯಕ್ಕೆ ಯಜ್ಞದ ಗೌರವವೂ ಸತ್ತವರಿಗೆ ಹವಿಸ್ಸಿನ ಸ್ಥಾನವೂ ಅದರಿಂದ ಪ್ರಾಪ್ತವಾಗುತ್ತವೆಂದು ಆಕ್ಷೇಪಿಸಿ ಅನೇಕರು, ವಿಪತ್ತು ಎಂಬರ್ಥದ ‘ಶೋವಾ’ ಎಂಬ ಹೀಬ್ರೂ ಶಬ್ದವನ್ನೇ ಬಳಸುತ್ತಾರೆ. ಹೀಗೆ ಬೇರೆ ಬೇರೆ ಭಾಷೆಗಳಲ್ಲಿ ಹುಟ್ಟಿದ ಎರಡು ಮಾತುಗಳು ಒಂದೇ ದೋಷದಲ್ಲಿ ಸಂಧಿಸಿರುವುದು ಕನ್ನಡ ವಿದ್ಯಾರ್ಥಿಗೆ ಒಳ್ಳೆಯ ಮೊದಲ ಪ್ರಶ್ನೆಯಾಗಬಲ್ಲುದು. ತಕ್ಷಕನೊಬ್ಬನ ಅಪರಾಧಕ್ಕೆ ಸರ್ಪಕುಲವನ್ನೆಲ್ಲ ಸುಡಹೊರಟ ಜನಮೇಜಯನ ಯಾಗವನ್ನು ಬಲ್ಲ ನಮ್ಮ ಹುಡುಗರಿಗೆ, ಕುಲವೆಂಬ ಕಾರಣಕ್ಕೇ ನಾಶ ಎಂಬ ಲಕ್ಷಣವನ್ನು ವಿವರಿಸಲು ಹೆಚ್ಚು ಕಾಲ ಬೇಕಾಗದು. ಮಹಾಭಾರತದ ಕಥೆಯೆಲ್ಲವೂ ಆ ಯಾಗಶಾಲೆಯಲ್ಲಿ ಪ್ರಶ್ನೆಗೆ ಉತ್ತರವಾಗಿ ಹೊರಟಿತೆಂಬುದು ಬೇರೆ ವಿಷಯ.

ಇನ್ನು ಪ್ರಶ್ನೆಯ ಸ್ವರೂಪ. ಅನ್ವೇಷಣೆ ಸಂಶಯದಿಂದ ಹುಟ್ಟುತ್ತದೆಂದು ಡ್ಯೂಯಿ ಹೇಳಿದುದು ನಮ್ಮ ನೈಯಾಯಿಕರಿಗೆ ಹೊಸದಲ್ಲ. ಗೌತಮನ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ಆದರೆ ಭಾಷ್ಯಕಾರನಾದ ವಾತ್ಸ್ಯಾಯನನು ಇದಕ್ಕೆ ಒಂದು ಮಿತಿಯನ್ನು ಹಾಕುತ್ತಾನೆ: ಏನೂ ತಿಳಿಯದ ವಿಷಯದಲ್ಲಿ ನ್ಯಾಯವು ಪ್ರವರ್ತಿಸದು, ನಿರ್ಣೀತವಾದ ವಿಷಯದಲ್ಲೂ ಪ್ರವರ್ತಿಸದು, ಸಂದಿಗ್ಧವಾದುದರಲ್ಲಿ ಮಾತ್ರ ಪ್ರವರ್ತಿಸುತ್ತದೆ. ಅನ್ವೇಷಣ ಪದ್ಧತಿಯ ಹೆಸರಿನಲ್ಲಿ ನಡೆದಿರುವ ದೊಡ್ಡ ಪ್ರಮಾದಗಳೆರಡೂ ಈ ಎರಡು ಮಿತಿಗಳನ್ನು ಮೀರಿದುದರ ಫಲ.

ನಿರ್ಣೀತವಾದುದನ್ನು ಸಂದಿಗ್ಧವೆಂಬಂತೆ ಒಡ್ಡಿದುದಕ್ಕೆ ಕ್ಯಾಲಿಫೋರ್ನಿಯದ ರಿಯಾಲ್ಟೊ ಎಂಬ ಊರಿನ ಶಾಲೆಗಳಲ್ಲಿ ೨೦೧೪ರಲ್ಲಿ ನಡೆದುದೇ ನಿದರ್ಶನ. ಎಂಟನೆಯ ತರಗತಿಯ ಸುಮಾರು ಎರಡು ಸಾವಿರ ಮಕ್ಕಳಿಗೆ, ಯೆಹೂದ್ಯರ ಹತ್ಯೆ ನಿಜವಾಗಿ ನಡೆದ ಘಟನೆಯೋ ಅಥವಾ ರಾಜಕೀಯ ಲಾಭಕ್ಕಾಗಿ ಕಟ್ಟಿದ ಕಥೆಯೋ ಎಂಬುದನ್ನು ಆಧಾರಸಹಿತವಾಗಿ ವಾದಿಸುವಂತೆ ಪ್ರಬಂಧವನ್ನು ಕೊಡಲಾಯಿತು. ಜೊತೆಗೆ ಕೊಟ್ಟ ಆಕರಗಳಲ್ಲಿ ಹತ್ಯೆಯನ್ನು ಅಲ್ಲಗಳೆಯುವವರ ಬರಹವೂ ಇತ್ತು. ವಿಮರ್ಶಾತ್ಮಕ ಚಿಂತನೆಯನ್ನು ಬೆಳೆಸುವುದೇ ಅದನ್ನು ರಚಿಸಿದವರ ಉದ್ದೇಶವಾಗಿತ್ತಂತೆ. ಕೆಲವು ಮಕ್ಕಳು ಅದು ಕಟ್ಟುಕಥೆಯೆಂದೇ ತೀರ್ಮಾನಿಸಿ ಬರೆದರು. ಪದ್ಧತಿಯ ದೃಷ್ಟಿಯಿಂದ ಅವರು ತಪ್ಪೇನನ್ನೂ ಮಾಡಲಿಲ್ಲ. ಹೇಳಿದಂತೆ ಮಾಡಿದರು, ಕೊಟ್ಟ ಆಕರಗಳಿಂದಲೇ ವಾದವನ್ನು ಕಟ್ಟಿದರು. ಪ್ರಶ್ನೆ ಕೆಟ್ಟುದಾದರೆ ಪ್ರಾಮಾಣಿಕವಾದ ಅನ್ವೇಷಣೆ ಕೂಡ ಕೆಟ್ಟ ಉತ್ತರಕ್ಕೆ ಒಯ್ಯುತ್ತದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ನಡೆಯಿತೆ ಇಲ್ಲವೆ’ ಎಂಬ ಪ್ರಶ್ನೆಯನ್ನು ನಿಷೇಧಿಸಿದರೆ ಅದು ಶ್ರದ್ಧೆಯ ವಿಷಯವಾಗಿಬಿಡುವುದಿಲ್ಲವೆ? ಈ ಆಕ್ಷೇಪವನ್ನು ನಾನು ಲಘುವಾಗಿ ಕಾಣಲಾರೆ. ಪ್ರಶ್ನಿಸಬಾರದೆಂದು ಹೇಳಿದುದನ್ನೇ ಪ್ರಶ್ನಿಸುವುದು ಇಪ್ಪತ್ತರ ವಯಸ್ಸಿನ ಸ್ವಭಾವ. ಉತ್ತರವಿಷ್ಟೆ: ‘ನಡೆಯಿತೆ’ ಎಂದು ಕೇಳುವುದು ಬೇರೆ, ‘ನಡೆಯಿತೆಂದು ನಮಗೆ ಹೇಗೆ ಗೊತ್ತು’ ಎಂದು ಕೇಳುವುದು ಬೇರೆ. ಎರಡನೆಯದು ಪ್ರಮಾಣದ ಪ್ರಶ್ನೆ. ಅದನ್ನು ಎಷ್ಟು ಕಟುವಾಗಿ ಕೇಳಿದರೂ ಈ ಇತಿಹಾಸಕ್ಕೆ ಹಾನಿಯಿಲ್ಲ, ಲಾಭವೇ ಉಂಟು. ಅಲ್ಲಗಳೆಯುವವರು ಮಾಡುವುದಾದರೂ ಏನು? ತಮ್ಮದೆಂಬ ಒಂದು ಪಕ್ಷವನ್ನು ಸ್ಥಾಪಿಸದೆ, ಒಂದೊಂದು ಸಾಕ್ಷ್ಯದಲ್ಲೂ ಒಂದೊಂದು ಬಿರುಕನ್ನು ತೋರಿಸುತ್ತ ಹೋಗುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ವಾದವೆಂಬ ಹೆಸರಿಲ್ಲ, ಜಲ್ಪವೆಂಬ ಹೆಸರೂ ಇಲ್ಲ, ಇದು ವಿತಂಡ. ಡೇವಿಡ್ ಇರ್ವಿಂಗ್ ಎಂಬ ಲೇಖಕನು ಡೆಬೊರಾ ಲಿಪ್‌ಸ್ಟಾಟ್ ಎಂಬ ವಿದುಷಿಯ ಮೇಲೆ ಲಂಡನ್ನಿನಲ್ಲಿ ಹೂಡಿದ ಮಾನನಷ್ಟದ ದಾವೆಯಲ್ಲಿ, ಇತಿಹಾಸಕಾರ ರಿಚರ್ಡ್ ಇವಾನ್ಸ್ ಅವನ ಗ್ರಂಥಗಳ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಪತ್ರಗಳವರೆಗೆ ಹೋಗಿ, ಎಲ್ಲಿ ಯಾವ ಮಾತನ್ನು ತಿರುಚಲಾಗಿದೆಯೆಂಬುದನ್ನು ತೋರಿಸಿಕೊಟ್ಟರು. ೨೦೦೦ದ ಏಪ್ರಿಲ್‌ನಲ್ಲಿ ಇರ್ವಿಂಗನ ದಾವೆ ವಜಾ ಆಯಿತು. ವಿತಂಡಕ್ಕೆ ಎದುರಾಗಿ ನಿಂತುದು ಶ್ರದ್ಧೆಯಲ್ಲ, ಅನ್ವೇಷಣೆಯೇ.

ಪ್ರಮಾಣದ ಪ್ರಶ್ನೆಗೆ ತರಗತಿಯಲ್ಲಿ ಇಡಬಹುದಾದ ಮೂಲಪತ್ರಗಳಲ್ಲಿ, ಗಾತ್ರದಲ್ಲಿ ಅತ್ಯಲ್ಪವೂ ಫಲದಲ್ಲಿ ಅತ್ಯಧಿಕವೂ ಆದುದನ್ನು ಈಗ ಸ್ವಲ್ಪ ವಿಸ್ತಾರವಾಗಿ ನೋಡೋಣ. ೧೯೪೩ರ ಜನವರಿ ೧೧ರಂದು ಪೋಲೆಂಡಿನ ಲುಬ್ಲಿನ್ ನಗರದಿಂದ ಹೆರ್ಮನ್ ಹೋಫ್ಲೆ ಎಂಬ ಎಸ್.ಎಸ್. ಅಧಿಕಾರಿ ಒಂದು ನಿಸ್ತಂತು ಸಂದೇಶವನ್ನು ಗೂಢಲಿಪಿಯಲ್ಲಿ ಕಳುಹಿಸಿದನು. ಅದೇ ದಿನ ಬರ್ಲಿನ್ನಿನಲ್ಲಿದ್ದ ಆಡೋಲ್ಫ್ ಐಖ್‌ಮನ್ನನಿಗೆ ಒಂದು, ಕ್ರಾಕೋವಿನಲ್ಲಿದ್ದ ಹೈಮ್ ಎಂಬ ಅಧಿಕಾರಿಗೆ ಒಂದು. ಬ್ರಿಟಿಷರ ಗೂಢಲಿಪಿ ವಿಭಾಗ ಅದನ್ನು ಹಿಡಿದು ಬಿಡಿಸಿತು. ಆದರೆ ಅದರಲ್ಲಿದ್ದುದು ಕೆಲವು ಅಕ್ಷರಗಳು, ಕೆಲವು ಅಂಕಿಗಳು. ಅದರ ಅರ್ಥ ಆಗ ಯಾರ ಗಮನಕ್ಕೂ ಬಂದಂತೆ ಕಾಣದು. ಲಂಡನ್ನಿನ ಕ್ಯೂ ಎಂಬಲ್ಲಿರುವ ಪತ್ರಾಗಾರದಲ್ಲಿ ೨೦೦೦ದಲ್ಲಿ ಅದು ಬೆಳಕಿಗೆ ಬಂದಿತು. ೨೦೦೧ರಲ್ಲಿ ಪೀಟರ್ ವಿಟೆ ಮತ್ತು ಸ್ಟೀಫನ್ ಟಯಾಸ್ ಅದನ್ನು ವಿವರಣೆಯೊಡನೆ ಪ್ರಕಟಿಸಿದರು.

ಸಂದೇಶದ ಒಕ್ಕಣೆ ಹೀಗಿದೆ. ಹದಿನಾಲ್ಕು ದಿನಗಳ ವರದಿ, ಕಾರ್ಯಾಚರಣೆಯ ಹೆಸರು ರೈನ್‌ಹಾರ್ಟ್. ೧೯೪೨ರ ಡಿಸೆಂಬರ್ ೩೧ಕ್ಕೆ ಮುಗಿದ ಪಕ್ಷದಲ್ಲಿ ಬಂದುದು: ಎಲ್ ೧೨,೭೬೧; ಬಿ ೦; ಎಸ್ ೫೧೫; ಟಿ ೧೦,೩೩೫; ಒಟ್ಟು ೨೩,೬೧೧. ಆ ದಿನದವರೆಗಿನ ಸಾಕಲ್ಯ: ಎಲ್ ೨೪,೭೩೩; ಬಿ ೪,೩೪,೫೦೮; ಎಸ್ ೧,೦೧,೩೭೦; ಟಿ ೭೧,೩೫೫; ಒಟ್ಟು ೧೨,೭೪,೧೬೬. ಇಷ್ಟೆ. ಒಂದು ಮನುಷ್ಯಪದವೂ ಇದರಲ್ಲಿಲ್ಲ.

ಇದನ್ನು ಏನೂ ಹೇಳದೆ ಕೈಗಿತ್ತರೆ ವಿದ್ಯಾರ್ಥಿಗಳು ಮೊದಲು ಮಾಡುವ ಕೆಲಸ ಕೂಡಿ ನೋಡುವುದು. ಪಕ್ಷದ ಲೆಕ್ಕ ಕೂಡುತ್ತದೆ. ಸಾಕಲ್ಯದ ಲೆಕ್ಕ ಕೂಡುವುದಿಲ್ಲ; ನಾಲ್ಕನ್ನೂ ಸೇರಿಸಿದರೆ ಬರುವುದು ೬,೩೧,೯೬೬ ಮಾತ್ರ. ಕೊರತೆ ೬,೪೨,೨೦೦. ಎಲ್ಲಿ ತಪ್ಪಿದೆ? ಒಂದೊಂದಾಗಿ ನೋಡುತ್ತ ಬಂದರೆ, ಟಿ ಎಂಬುದರ ಮುಂದಿನ ೭೧,೩೫೫ರ ಕೊನೆಗೆ ಇನ್ನೊಂದು ಐದನ್ನು ಸೇರಿಸಿ ೭,೧೩,೫೫೫ ಎಂದು ಓದಿದಾಗ ಮೊತ್ತವು ಒಂದಂಕಿಯೂ ವ್ಯತ್ಯಾಸವಿಲ್ಲದೆ ಸರಿಹೋಗುತ್ತದೆ. ಸಂದೇಶವನ್ನು ಕಳುಹಿಸುವಾಗಲೋ ಬರೆದುಕೊಳ್ಳುವಾಗಲೋ ಒಂದು ಐದು ಬಿದ್ದುಹೋಗಿದೆ. ನಮ್ಮ ಗ್ರಂಥಸಂಪಾದಕರು ಓಲೆಗರಿಯಲ್ಲಿ ಲಿಪಿಕಾರನ ಸ್ಖಾಲಿತ್ಯವನ್ನು ಪತ್ತೆಮಾಡುವ ಕ್ರಮವೇ ಇದು. ಅನಂತರ ಅಕ್ಷರಗಳ ಸರದಿ. ಲುಬ್ಲಿನ್ ಎಂದರೆ ಮೈದಾನೆಕ್ ಶಿಬಿರ, ಬೆಲ್ಜೆಟ್ಸ್, ಸೋಬಿಬೋರ್, ಟ್ರೆಬ್ಲಿಂಕಾ. ಆ ಪಕ್ಷದಲ್ಲಿ ಬೆಲ್ಜೆಟ್ಸಿನ ಮುಂದೆ ಸೊನ್ನೆ ಏಕೆ? ೧೯೪೨ರ ಡಿಸೆಂಬರ್ ವೇಳೆಗೆ ಅಲ್ಲಿ ಕೊಲೆಯ ಕೆಲಸವನ್ನು ನಿಲ್ಲಿಸಲಾಗಿತ್ತೆಂಬುದು ಬೇರೆ ಆಕರಗಳಿಂದ ತಿಳಿದಿದೆ. ಸೊನ್ನೆಯೂ ಸಾಕ್ಷಿ ಹೇಳುತ್ತದೆ.

ಇದಕ್ಕಿಂತ ಮುಖ್ಯವಾದುದು ಸಂದೇಶದಲ್ಲಿರುವ ಒಂದೇ ಒಂದು ನಾಮಪದ. ಜರ್ಮನ್ನಿನಲ್ಲಿ ಅದು ‘ತ್ಸೂಗಾಂಗ್’. ನಮ್ಮ ಕಚೇರಿ ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ‘ಆವಕ’. ಆವಕ ಪುಸ್ತಕವಿದ್ದ ಕಡೆ ಜಾವಕ ಪುಸ್ತಕವೂ ಇರಬೇಕೆಂಬುದು ಗುಮಾಸ್ತೆಯಾದ ಯಾವನಿಗಾದರೂ ಗೊತ್ತು. ಹನ್ನೆರಡು ಮುಕ್ಕಾಲು ಲಕ್ಷ ಆವಕ, ಜಾವಕವೆಲ್ಲಿ? ಸಂದೇಶವು ಅದನ್ನು ಹೇಳುವುದಿಲ್ಲ, ಕೇಳಿದವರೂ ಅದನ್ನು ಕೇಳಿದಂತಿಲ್ಲ. ಎಸ್.ಎಸ್. ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞನಾದ ರಿಚರ್ಡ್ ಕೋರ್‌ಹೆರ್ ೧೯೪೩ರ ಮಾರ್ಚ್‌ನಲ್ಲಿ ಹಿಮ್ಲರನಿಗೆ ಒಪ್ಪಿಸಿದ ಹದಿನಾರು ಪುಟಗಳ ವರದಿಯಲ್ಲಿ ಇದೇ ೧೨,೭೪,೧೬೬ ಎಂಬ ಸಂಖ್ಯೆ ಬರುತ್ತದೆ. ಬಿದ್ದುಹೋದ ಐದನ್ನು ಸೇರಿಸಿದ ನಮ್ಮ ಪಾಠಪರಿಷ್ಕಾರವನ್ನು ಈ ಸ್ವತಂತ್ರವಾದ ಪ್ರತಿ ಸಮರ್ಥಿಸುತ್ತದೆ. ‘ವಿಶೇಷ ಉಪಚಾರ’ ಎಂಬ ಮಾತು ಆ ವರದಿಯಲ್ಲಿ ಕಾಣಬಾರದೆಂದು ಹಿಮ್ಲರ್ ತನ್ನ ಕಾರ್ಯದರ್ಶಿಯ ಮೂಲಕ ೧೯೪೩ರ ಏಪ್ರಿಲ್ ೧೦ರ ಪತ್ರದಲ್ಲಿ ಸೂಚಿಸಿ, ‘ಶಿಬಿರಗಳ ಮೂಲಕ ಹಾಯಿಸಲಾಯಿತು’ ಎಂದು ಬರೆಯಿಸಿದನು. ಹಾಯ್ದವರು ಸೇರಿದುದು ಎಲ್ಲಿಗೆ? ಪೂರ್ವದಲ್ಲಿ ಅವರನ್ನು ಬರಮಾಡಿಕೊಂಡ ಊರು, ಅವರಿಗೆ ಕೊಟ್ಟ ಮನೆ, ಅಳೆದ ರೇಷನ್ ಒಂದರ ದಾಖಲೆಯೂ ಇಲ್ಲ. ಸುಳ್ಳು ಜಾವಕವೊಂದನ್ನು ಬರೆದುದರಿಂದಲೇ ನಿಜವಾದ ಜಾವಕ ಬಯಲಾಗುತ್ತದೆ. ಹೀಗೆ ಅರ್ಧ ಪುಟದ ಒಂದು ಪತ್ರದಿಂದ, ವಿದ್ಯಾರ್ಥಿಯು ತಾನೇ ಕೂಡಿ ಕಳೆದು, ತನ್ನ ಬುದ್ಧಿಯಿಂದಲೇ ನಿಶ್ಚಯಕ್ಕೆ ಬರುತ್ತಾನೆ. ಅಲ್ಲಗಳೆಯುವವರ ಕರಪತ್ರ ಮುಂದೆ ಎಂದಾದರೂ ಅವನ ಕೈಗೆ ಬಂದರೆ ಅವನು ತಬ್ಬಿಬ್ಬಾಗಲಾರ. ಪದ್ಧತಿಯ ಗುಣವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪಾಠವನ್ನು ನಾನು ಕಾಣೆ.

ಆದರೆ ಪದ್ಧತಿಯ ದೋಷವೂ ಇದೇ ಪಾಠದಲ್ಲಿ ಬಯಲಾಗುತ್ತದೆ. ಲೆಕ್ಕ ಸರಿಹೋದ ಕ್ಷಣದಲ್ಲಿ ತರಗತಿಯಲ್ಲಿ ಏನಾಗುತ್ತದೆಂಬುದನ್ನು ಗಮನಿಸಬೇಕು. ಬಿದ್ದುಹೋದ ಐದನ್ನು ಮೊದಲು ಕಂಡುಹಿಡಿದವನ ಮುಖ ಅರಳುತ್ತದೆ. ಸುತ್ತಲಿನವರು ಭಲೆ ಎನ್ನುತ್ತಾರೆ. ಅಧ್ಯಾಪಕನೂ ನಗುತ್ತಾನೆ, ನಾನೂ ನಕ್ಕಿದ್ದೇನೆ. ಆ ಐದಿನ ಬೆಲೆ ಆರು ಲಕ್ಷದ ನಲವತ್ತೆರಡು ಸಾವಿರದ ಇನ್ನೂರು ಮನುಷ್ಯರು. ಒಗಟನ್ನು ಬಿಡಿಸಿದ ಸಂತೋಷ ಅನ್ವೇಷಣ ಪದ್ಧತಿಗೆ ಆಕಸ್ಮಿಕವಾಗಿ ಅಂಟಿಕೊಂಡುದಲ್ಲ. ಅದೇ ಆ ಪದ್ಧತಿಯ ಚಾಲಕಶಕ್ತಿ. ಸ್ವತಃ ಕಂಡುಹಿಡಿದ ಉಲ್ಲಾಸವೇ ಕಲಿಕೆಯ ಅತ್ಯುತ್ತಮ ಪ್ರತಿಫಲವೆಂದು ಬ್ರೂನರ್ ಮೊದಲಾದವರು ಹೇಳುವುದು ಬೀಜಗಣಿತಕ್ಕೂ ಸಸ್ಯಶಾಸ್ತ್ರಕ್ಕೂ ಒಪ್ಪುವ ಮಾತು. ಇಲ್ಲಿ ಆ ಉಲ್ಲಾಸ ಎಲ್ಲಿ ನಿಲ್ಲಬೇಕು? ಪದ್ಧತಿಯ ಪ್ರತಿಪಾದಕರು ಈ ಪ್ರಶ್ನೆಯನ್ನು ಎತ್ತಿಕೊಂಡುದು ಕಡಮೆ.

ಇನ್ನೊಂದು ಸೂಕ್ಷ್ಮವಾದ ಹಾನಿಯಿದೆ. ಹೋಫ್ಲೆಯ ಪತ್ರವನ್ನು ಅರ್ಥಮಾಡಿಕೊಳ್ಳಬೇಕಾದರೆ ಹೋಫ್ಲೆಯ ಕಣ್ಣಿನಿಂದ ನೋಡಬೇಕು. ಆವಕ, ಪಕ್ಷ, ಸಾಕಲ್ಯ, ಒಟ್ಟು ಎಂಬ ಅವನ ವಿಭಾಗಗಳೊಳಗೇ ನಮ್ಮ ಬುದ್ಧಿ ಓಡಾಡಬೇಕು. ಹಂತಕರ ಕಚೇರಿಗಳು ಕಾಗದವನ್ನು ಧಾರಾಳವಾಗಿ ಉತ್ಪತ್ತಿಮಾಡಿದುವು. ಹತರಾದವರಿಗೆ ಕಾಗದವೂ ಇರಲಿಲ್ಲ, ಕಾಲವೂ ಇರಲಿಲ್ಲ. ಆದುದರಿಂದ ಮೂಲಪತ್ರಗಳನ್ನು ಆಶ್ರಯಿಸುವ ಯಾವ ಪದ್ಧತಿಯೂ, ಎಚ್ಚರ ತಪ್ಪಿದರೆ, ಹಂತಕರ ಲೆಕ್ಕಪುಸ್ತಕವನ್ನೇ ಇತಿಹಾಸವೆಂದು ಕಲಿಸಿಬಿಡುತ್ತದೆ. ವಿದ್ಯಾರ್ಥಿಗೆ ಐಖ್‌ಮನ್ನನ ಹೆಸರು ನೆನಪಿರುತ್ತದೆ, ಟಿ ಎಂಬ ಅಕ್ಷರದ ಹಿಂದಿದ್ದ ಒಬ್ಬರ ಹೆಸರೂ ತಿಳಿಯದೆ ಹೋಗುತ್ತದೆ.

ಇದಕ್ಕೆ ಪರಿಹಾರವನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಆ ಟಿ ಎಂಬ ಸಂಖ್ಯೆಯೊಳಗೆ, ೧೯೪೨ರ ಜುಲೈ ೨೨ರಿಂದ ಸೆಪ್ಟೆಂಬರ್ ೨೧ರವರೆಗೆ ವಾರ್ಸಾ ನಗರದ ಗೆಟ್ಟೊದಿಂದ ಸಾಗಿಸಲ್ಪಟ್ಟ ಸುಮಾರು ೨,೬೫,೦೦೦ ಜನ ಅಡಗಿದ್ದಾರೆ. ಆ ಸಾಗಣೆಯ ಮೇಲ್ವಿಚಾರಣೆ ನಡೆಸಿದವನೂ ಇದೇ ಹೋಫ್ಲೆ. ಆ ಗೆಟ್ಟೊದೊಳಗೆ ೧೯೪೦ರ ನವೆಂಬರ್‌ನಿಂದ ಒಂದು ಅನ್ವೇಷಕ ಮಂಡಲಿ ಗುಪ್ತವಾಗಿ ಕೆಲಸಮಾಡುತ್ತಿತ್ತು. ಶನಿವಾರಗಳಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ‘ಓನೆಗ್ ಷಬೆಸ್’, ಎಂದರೆ ಸಬ್ಬತ್ತಿನ ಆನಂದ, ಎಂಬ ಸಂಕೇತನಾಮ. ಅದರ ಪ್ರವರ್ತಕ ಇಮ್ಯಾನುಯೆಲ್ ರಿಂಗೆಲ್‌ಬ್ಲೂಮ್ ವೃತ್ತಿಯಿಂದ ಇತಿಹಾಸದ ಅಧ್ಯಾಪಕ. ಈ ಮಂಡಲಿ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿತು: ಹೆಂಗಸರ ಬದುಕು ಹೇಗಾಗಿದೆ, ಮಕ್ಕಳು ಏನು ಮಾಡುತ್ತಿದ್ದಾರೆ, ಹಳ್ಳಿಪಟ್ಟಣಗಳಿಂದ ಅಟ್ಟಲ್ಪಟ್ಟು ಬಂದವರು ಏನು ಹೇಳುತ್ತಾರೆ. ದಿನಚರಿ, ಸಾಕ್ಷಿಹೇಳಿಕೆ, ಗೋಡೆಗೆ ಅಂಟಿಸಿದ ಪ್ರಕಟಣೆ, ರೇಷನ್ ಚೀಟಿ, ಶಾಲೆಯ ಮಕ್ಕಳ ಪ್ರಬಂಧ, ಮಿಠಾಯಿ ಸುತ್ತಿದ ಕಾಗದ ಇವೆಲ್ಲವನ್ನೂ ಕೂಡಿಟ್ಟರು. ಟ್ರೆಬ್ಲಿಂಕಾದಿಂದ ತಪ್ಪಿಸಿಕೊಂಡು ಗೆಟ್ಟೊಗೆ ಮರಳಿದ ಅಬ್ರಹಾಂ ಕ್ಷೆಪಿಟ್ಸ್ಕಿ ಎಂಬಾತನ ಸುದೀರ್ಘವಾದ ಹೇಳಿಕೆಯನ್ನು ರಾಹೆಲ್ ಔಯರ್‌ಬಾಖ್ ಎಂಬ ಲೇಖಕಿ ಬರೆದುಕೊಂಡರು. ಹೋಫ್ಲೆಯ ಪತ್ರದಲ್ಲಿ ಒಂದೇ ಅಕ್ಷರವಾಗಿದ್ದ ಸ್ಥಳವು ಈ ಹೇಳಿಕೆಯಲ್ಲಿ ನಿಲ್ದಾಣವಾಗಿ, ಅಂಗಳವಾಗಿ, ಬಟ್ಟೆಯ ರಾಶಿಯಾಗಿ, ನೀರಿಗಾಗಿ ಬಾಯಾರಿದ ಜನರಾಗಿ ಬಿಚ್ಚಿಕೊಳ್ಳುತ್ತದೆ. ಜಾವಕ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಈ ಸಂಗ್ರಹ ಉಳಿದ ಬಗೆಯೂ ಅಧ್ಯಾಪಕರು ತಿಳಿಯತಕ್ಕದ್ದು. ಸಾಗಣೆ ನಡೆಯುತ್ತಿದ್ದ ಆ ಆಗಸ್ಟ್‌ನಲ್ಲೇ, ಇಸ್ರಾಯೆಲ್ ಲಿಖ್ಟೆನ್‌ಷ್ಟೈನ್ ಎಂಬ ಶಾಲಾಶಿಕ್ಷಕನು, ತನ್ನ ಶಿಷ್ಯರಾಗಿದ್ದ ಇಬ್ಬರು ತರುಣರ ಸಹಾಯದಿಂದ, ನೊವೊಲಿಪ್ಕಿ ಬೀದಿಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಮೊದಲ ಭಾಗವನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿರಿಸಿ ಹೂಳಿದನು. ಆ ಹುಡುಗರಿಬ್ಬರೂ ಇಪ್ಪತ್ತು ದಾಟಿದವರಲ್ಲ. ತಾವು ಯಾರು, ಏನು ಮಾಡುತ್ತಿದ್ದೇವೆ ಎಂಬುದನ್ನು ಚಿಕ್ಕ ಕಾಗದಗಳಲ್ಲಿ ಬರೆದು ಪೆಟ್ಟಿಗೆಗೇ ಸೇರಿಸಿದರು. ಮೂವರಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ. ಎರಡನೆಯ ಭಾಗವನ್ನು ೧೯೪೩ರ ಫೆಬ್ರವರಿಯಲ್ಲಿ ಎರಡು ಹಾಲಿನ ಕ್ಯಾನುಗಳಲ್ಲಿ ಹೂಳಲಾಯಿತು. ರಿಂಗೆಲ್‌ಬ್ಲೂಮ್ ೧೯೪೪ರ ಮಾರ್ಚ್‌ನಲ್ಲಿ ಹತರಾದರು. ಪೆಟ್ಟಿಗೆಗಳು ೧೯೪೬ರ ಸೆಪ್ಟೆಂಬರ್‌ನಲ್ಲಿ, ಕ್ಯಾನುಗಳು ೧೯೫೦ರ ಡಿಸೆಂಬರ್‌ನಲ್ಲಿ ದೊರೆತುವು. ಒಟ್ಟು ಸುಮಾರು ೩೫,೦೦೦ ಪುಟಗಳು. ಮೂರನೆಯ ಭಾಗ ದೊರೆಯಲೇ ಇಲ್ಲ.

ಅನ್ವೇಷಣ ಪದ್ಧತಿಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದು ನನ್ನ ದೂರು. ಹತ್ಯೆಗೆ ಗುರಿಯಾದವರನ್ನು ನಾವು ಅನ್ವೇಷಣೆಯ ವಸ್ತುವೆಂದು ಮಾತ್ರ ಭಾವಿಸುತ್ತೇವೆ. ಅವರೇ ಅನ್ವೇಷಕರಾಗಿದ್ದರು. ತಮ್ಮ ಸಾವಿನ ನಡುವೆ ಪ್ರಶ್ನಾವಳಿಯನ್ನು ಹಿಡಿದು ಮನೆಮನೆಗೆ ಹೋದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿದ್ದರು. ಆದುದರಿಂದ ಇಂದಿನ ವಿದ್ಯಾರ್ಥಿ ಪ್ರಶ್ನೆ ಕೇಳುವುದು ಸತ್ತವರಿಗೆ ಅಪಚಾರವೆಂಬ ಭಾವನೆ ತಪ್ಪು. ಅವರು ಕೇಳಿ ಮುಗಿಸಲಾಗದೆ ಹೋದ ಪ್ರಶ್ನೆಗಳನ್ನೇ ಅವನು ಮುಂದುವರಿಸುತ್ತಿದ್ದಾನೆ. ಹೋಫ್ಲೆಯ ಪತ್ರವನ್ನು ಈ ಪುಟಗಳ ಜೊತೆಯಲ್ಲಿಟ್ಟು, ಸಾಧ್ಯವಾದರೆ ಈ ಪುಟಗಳ ಅನಂತರ, ಓದಿಸಿದರೆ ಲೆಕ್ಕ ಸರಿಹೋದಾಗ ಯಾರೂ ಭಲೆ ಎನ್ನುವುದಿಲ್ಲ. ಕ್ರಮವನ್ನು ಬದಲಿಸಿದುದರಿಂದ ಆಗುವ ವ್ಯತ್ಯಾಸವನ್ನು ನಾನು ಕಂಡಿದ್ದೇನೆ.

ಮೂರನೆಯ ಬಗೆಯ ಪ್ರಶ್ನೆಯೊಂದಿದೆ: ಇಂಥದನ್ನು ಮನುಷ್ಯರು ಹೇಗೆ ಮಾಡಿದರು? ಇದು ನಿಜವಾಗಿ ಸಂದಿಗ್ಧವಾದುದು. ೧೯೪೨ರ ಜುಲೈ ೧೩ರಂದು ಪೋಲೆಂಡಿನ ಯೂಜೆಫೂಫ್ ಗ್ರಾಮದಲ್ಲಿ, ಹ್ಯಾಂಬರ್ಗಿನಿಂದ ಬಂದ ೧೦೧ನೆಯ ಮೀಸಲು ಪೊಲೀಸ್ ತುಕಡಿ ಸುಮಾರು ಸಾವಿರದೈನೂರು ಯೆಹೂದ್ಯರನ್ನು ಕೊಂದಿತು. ಹಿರಿಯರಾದವರಲ್ಲಿ ಯಾರಿಗೆ ಇದು ಸಾಧ್ಯವಿಲ್ಲವೋ ಅವರು ಹೊರಗುಳಿಯಬಹುದೆಂದು ಮೇಜರ್ ಟ್ರಾಪ್ ಮೊದಲೇ ಹೇಳಿದ್ದನು. ಐನೂರಕ್ಕೆ ಸಮೀಪವಿದ್ದ ಆ ತುಕಡಿಯಲ್ಲಿ ಮುಂದೆ ಬಂದವರು ಹನ್ನೆರಡು ಮಂದಿಯಷ್ಟು. ೧೯೬೦ರ ದಶಕದಲ್ಲಿ ನಡೆದ ವಿಚಾರಣೆಯ ಹೇಳಿಕೆಗಳನ್ನು ಓದಿ ಕ್ರಿಸ್ಟೊಫರ್ ಬ್ರೌನಿಂಗ್ ೧೯೯೨ರಲ್ಲಿ, ಇವರು ಸಾಮಾನ್ಯ ಮನುಷ್ಯರು, ಸಂಗಡಿಗರ ಒತ್ತಡ, ಆಜ್ಞಾಪಾಲನೆ, ಅಭ್ಯಾಸ ಇವುಗಳಿಂದ ಕೊಲೆಗಾರರಾದರು ಎಂದರು. ಅವೇ ಹೇಳಿಕೆಗಳನ್ನು ಓದಿ ಡೇನಿಯಲ್ ಗೋಲ್ಡ್‌ಹಾಗೆನ್ ೧೯೯೬ರಲ್ಲಿ, ಜರ್ಮನರಲ್ಲಿ ಬೇರೂರಿದ್ದ ಯೆಹೂದ್ಯದ್ವೇಷವೇ ಕಾರಣವೆಂದರು. ಆಕರವೊಂದೇ, ನಿರ್ಣಯ ಎರಡು. ನನಗೆ ಬ್ರೌನಿಂಗರ ವಾದ ಹೆಚ್ಚು ಬಲವಾದುದಾಗಿ ತೋರುತ್ತದೆ. ಆದರೆ ಇಪ್ಪತ್ತು ವರ್ಷಗಳಾಚೆ ಆರೋಪಿಗಳು ತಮ್ಮ ರಕ್ಷಣೆಗಾಗಿ ಆಡಿದ ಮಾತಿನಲ್ಲಿ ದ್ವೇಷವು ಕಾಣದಿರುವುದು ಸಹಜವೆಂಬ ಆಕ್ಷೇಪವನ್ನೂ ಮರೆಯಲಾಗದು. ಇಲ್ಲಿ ವಿದ್ಯಾರ್ಥಿಗಳು ಧಾರಾಳವಾಗಿ ವಾದಿಸಲಿ.

ಆದರೆ ಇಲ್ಲಿಂದ ಅಧ್ಯಾಪಕರು ಸಾಮಾನ್ಯವಾಗಿ ಜಾರುವುದು ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂಬ ಪ್ರಶ್ನೆಗೆ. ಅದಕ್ಕೆ ಬರುವ ಉತ್ತರ ಗೊತ್ತಿರುವುದೇ: ಎಲ್ಲರೂ ಆ ಹನ್ನೆರಡರಲ್ಲಿ ಸೇರುತ್ತಾರೆ. ಆತ್ಮಪ್ರಶಂಸೆಗೆ ಅನ್ವೇಷಣೆಯ ವೇಷ ತೊಡಿಸಿದಂತಾಯಿತು. ಇದಕ್ಕಿಂತಲೂ ಕೆಟ್ಟುದು ಅಭಿನಯ. ಮೇಜುಕುರ್ಚಿಗಳನ್ನು ಒತ್ತೊತ್ತಾಗಿ ಇಟ್ಟು ಸರಕುಗಾಡಿಯ ಅನುಭವವನ್ನು ಮಾಡಿಸುವುದು, ಕೆಲವರನ್ನು ಕಾವಲುಗಾರರಾಗಿ ಮಾಡುವುದು ಮುಂತಾದುವನ್ನು ಕ್ರಿಯಾತ್ಮಕ ಕಲಿಕೆಯೆಂದು ಕೆಲವೆಡೆ ನಡೆಸಿದ್ದಾರೆ. ಅರ್ಧ ಗಂಟೆಯ ಇಕ್ಕಟ್ಟಿನಿಂದ ಹುಡುಗರಿಗೆ ದೊರೆಯುವುದು ತಿಳಿವಲ್ಲ, ತಿಳಿಯಿತೆಂಬ ಭ್ರಮೆ. ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ವಾತ್ಸ್ಯಾಯನನ ಇನ್ನೊಂದು ಮಿತಿ ಉಳಿಯಿತು: ಏನೂ ತಿಳಿಯದ ವಿಷಯದಲ್ಲಿ ಅನ್ವೇಷಣೆ ಹೊರಡದು. ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ೨೦೦೬ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಪೂರ್ವಜ್ಞಾನವಿಲ್ಲದವನನ್ನು ಮಾರ್ಗದರ್ಶನವಿಲ್ಲದೆ ಸಮಸ್ಯೆಯ ನಡುವೆ ಬಿಟ್ಟರೆ ಅವನು ಕಲಿಯುವುದು ಅಲ್ಪವೆಂದು ವಾದಿಸಿದರು. ನಮ್ಮ ಸ್ಥಿತಿಗೆ ಇದು ಬಹುಮಟ್ಟಿಗೆ ಅನ್ವಯಿಸುತ್ತದೆ. ಪದವಿ ತರಗತಿಗೆ ಬರುವ ಹುಡುಗನಿಗೆ ಈ ವಿಷಯದಲ್ಲಿ ಪಠ್ಯಪುಸ್ತಕದ ಕೆಲವು ಸಾಲುಗಳಷ್ಟೇ ಪರಿಚಯ. ಹಿಟ್ಲರನ ಆತ್ಮಕಥೆಯಾದರೋ ನಮ್ಮ ದೇಶದ ಪುಸ್ತಕದಂಗಡಿಗಳಲ್ಲಿ ಇಂದಿಗೂ ಸುಲಭವಾಗಿ ದೊರೆಯುತ್ತದೆ. ಶಿಸ್ತಿನ ಆಡಳಿತಗಾರನೆಂದು ಅವನನ್ನು ಮೆಚ್ಚುವ ವಿದ್ಯಾರ್ಥಿಗಳು ಅಪರೂಪವಲ್ಲ. ಅಂಥವನ ಕೈಗೆ ಹೋಫ್ಲೆಯ ಪತ್ರವನ್ನು ಬರಿದೆ ಕೊಟ್ಟರೆ, ಲೆಕ್ಕದ ಅಚ್ಚುಕಟ್ಟನ್ನು ಕಂಡು ಅವನು ತಲೆದೂಗಿದರೂ ಆಶ್ಚರ್ಯವಿಲ್ಲ. ಎರಡು ಮೂರು ಉಪನ್ಯಾಸಗಳಾದರೂ ಮೊದಲು ನಡೆಯಬೇಕು. ನಕ್ಷೆ ತೆರೆಯಬೇಕು, ೧೯೩೩ರಿಂದ ೧೯೪೧ರವರೆಗೆ ಕಾನೂನು ಕಾನೂನಾಗಿ ನಡೆದ ಬಹಿಷ್ಕಾರವನ್ನು ಹೇಳಬೇಕು. ಉಪನ್ಯಾಸವೆಂದರೆ ಮೂಗುಮುರಿಯುವ ಹೊಸ ಶಿಕ್ಷಣತಜ್ಞರು ಇದನ್ನು ಒಪ್ಪಲಾರರು.

ಕೊನೆಯದಾಗಿ ಪರೀಕ್ಷೆ. ತರಗತಿಯಲ್ಲಿ ಎಂಥ ಅನ್ವೇಷಣೆ ನಡೆಸಿದರೂ, ವರ್ಷದ ಕೊನೆಯಲ್ಲಿ ‘ಯೆಹೂದ್ಯರ ಹತ್ಯೆಗೆ ಕಾರಣಗಳನ್ನು ವಿವರಿಸಿ’ 'ಎಂದು ಹತ್ತು ಅಂಕದ ಪ್ರಶ್ನೆ ಬರುವ ತನಕ ವಿದ್ಯಾರ್ಥಿಯು ಐದು ಕಾರಣಗಳನ್ನು ಕಂಠಪಾಠ ಮಾಡುತ್ತಾನೆ, ಅವನ ತಪ್ಪಲ್ಲ. ಅದರ ಬದಲು ಹೋಫ್ಲೆಯ ಸಂದೇಶವನ್ನೂ ವಾರ್ಸಾ ಸಂಗ್ರಹದ ಒಂದು ಪುಟದ ಅನುವಾದವನ್ನೂ ಪ್ರಶ್ನೆಪತ್ರಿಕೆಯಲ್ಲೇ ಅಚ್ಚುಮಾಡಿ, ಇವೆರಡರಲ್ಲಿ ಒಂದು ಹೇಳಬಲ್ಲುದನ್ನು ಇನ್ನೊಂದು ಏಕೆ ಹೇಳಲಾರದು ಎಂದು ಕೇಳಬಹುದು. ಅಧ್ಯಯನ ಮಂಡಲಿಗಳು ಒಪ್ಪಿದರೆ ಇದಕ್ಕೆ ಹೆಚ್ಚು ವೆಚ್ಚವೂ ಇಲ್ಲ, ಒಂದು ಹಾಳೆ ಹೆಚ್ಚು ಬೇಕಾದೀತು.